ಟೋಕಿಯೊ ಸಾರಿನ್ ದಾಳಿ: ನಾಲ್ಕು ಡಾಕ್ಯುಮೆಂಟರಿಗಳಲ್ಲಿ ನೀವು ಯಾವುದನ್ನು ನೋಡಬೇಕು?

1995ರಲ್ಲಿ ಟೋಕಿಯೊದ ಮೆಟ್ರೊ ರೈಲುಗಳಲ್ಲಿ ನಡೆದ, ಸಾರಿನ್ ಎಂಬ ನರಗಳಿಗೆ ಬಡಿಯುವ ವಿಷದ ದಾಳಿಯ ಬಗ್ಗೆ ಯಾವ ಡಾಕ್ಯುಮೆಂಟರಿ ನೋಡಲಿ ಎಂದು ಹುಡುಕಹೊರಟವರಿಗೆ ಸಾಮಾನ್ಯವಾಗಿ ನಾಲ್ಕು ಹೆಸರು ಸಿಗುತ್ತವೆ. ತತ್ಸುಯಾ ಮೋರಿ ಮಾಡಿದ 'ಎ' (1998) ಮತ್ತು 'ಎ2' (2001). ಅತ್ಸುಷಿ ಸಕಹಾರ ಮಾಡಿದ 'ಮಿ ಆ್ಯಂಡ್ ದ ಕಲ್ಟ್ ಲೀಡರ್' (2020). ಬೆನ್ ಬ್ರೌನ್ ಮತ್ತು ಚಿಯಾಕಿ ಯಾನಗಿಮೊಟೊ ಸೇರಿ ಮಾಡಿದ 'ಓಂ: ದ ಕಲ್ಟ್ ಅಟ್ ದಿ ಎಂಡ್ ಆಫ್ ದ ವರ್ಲ್ಡ್' (2023). ನಾಲ್ಕನ್ನೂ ನೋಡಿ ಮುಗಿಸಲು ಸುಮಾರು ಎಂಟು ಗಂಟೆ ಬೇಕು. ಎಲ್ಲರಿಗೂ ಅಷ್ಟು ಪುರುಸೊತ್ತು ಇರುವುದಿಲ್ಲ, ಅಲ್ವಾ? ಪುರುಸೊತ್ತು ಇದ್ದರೂ ಇಂಥ ವಿಷಯದ ಜೊತೆ ಅಷ್ಟು ಹೊತ್ತು ಕೂರಲು ಮನಸ್ಸೂ ಗಟ್ಟಿ ಇರಬೇಕು.

ನಾಲ್ಕೂ ಒಳ್ಳೆಯ ಸಿನಿಮಾಗಳೇ. ಆದರೆ ಒಂದರ ಬದಲು ಇನ್ನೊಂದು ನೋಡಿದರೆ ನಡೆಯುತ್ತದೆ ಅನ್ನುವ ಹಾಗಿಲ್ಲ. ತಪ್ಪು ಹೊತ್ತಿನಲ್ಲಿ ತಪ್ಪು ಸಿನಿಮಾ ಹಾಕಿಕೊಂಡರೆ ಅರ್ಧಕ್ಕೇ ಆಫ್ ಮಾಡಿ ಎದ್ದು ಹೋಗುತ್ತೀರಿ.

ಏನಾಗಿತ್ತು ಎಂಬುದನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. 1995ರ ಮಾರ್ಚ್ 20, ಸೋಮವಾರ, ಬೆಳಗ್ಗೆ ಆಫೀಸಿಗೆ ಹೋಗುವ ಹೊತ್ತು. ಓಂ ಶಿನ್ರಿಕ್ಯೊ ಪಂಥದ ಐದು ಜನ ಐದು ಮೆಟ್ರೊ ರೈಲು ಹತ್ತಿದರು. ಎಲ್ಲ ರೈಲುಗಳೂ ಸರ್ಕಾರಿ ಕಚೇರಿಗಳಿರುವ ಕಸುಮಿಗಸೆಕಿ ಕಡೆ ಹೋಗುವಂಥವು. ಕೈಯಲ್ಲಿ ನ್ಯೂಸ್‌ಪೇಪರ್ ಸುತ್ತಿದ ಪ್ಲಾಸ್ಟಿಕ್ ಚೀಲ, ಒಳಗೆ ದ್ರವರೂಪದ ಸಾರಿನ್. ಚೀಲವನ್ನು ನೆಲಕ್ಕಿಟ್ಟು, ಚೂಪು ಮಾಡಿಕೊಂಡಿದ್ದ ಕೊಡೆಯ ತುದಿಯಿಂದ ಚುಚ್ಚಿ ಇಳಿದು ಹೋದರು. 13 ಜನ ಸತ್ತರು. ಸುಮಾರು 6,000 ಜನಕ್ಕೆ ಒಂದಲ್ಲ ಒಂದು ರೀತಿ ಪೆಟ್ಟಾಯಿತು. 25 ವರ್ಷ ಹಾಸಿಗೆಯಲ್ಲೇ ಇದ್ದ ಒಬ್ಬ ಮಹಿಳೆ 2020ರಲ್ಲಿ ತೀರಿಕೊಂಡ ಮೇಲೆ ಸತ್ತವರ ಲೆಕ್ಕ 14 ಆಯಿತು.

ಪಂಥದ ಗುರು ಶೋಕೊ ಅಸಹಾರ. ಯೋಗ ಹೇಳಿಕೊಡುತ್ತ ಶುರು ಮಾಡಿದವನು. ಹಿಮಾಲಯದಲ್ಲಿ ತನಗೆ ಜ್ಞಾನೋದಯ ಆಯಿತು ಎಂದು ಹೇಳಿಕೊಂಡ. ಧರ್ಮಶಾಲೆಗೆ ಹೋಗಿ ದಲಾಯಿ ಲಾಮಾ ಜೊತೆ ಫೋಟೊ ತೆಗೆಸಿಕೊಂಡು ಅದನ್ನೇ ಪ್ರಚಾರಕ್ಕೆ ಬಳಸಿದ. ಶಿವ ಅವರ ಮುಖ್ಯ ದೇವರು. ಫುಜಿ ಬೆಟ್ಟದ ಬುಡದ ಕಮಿಕುಇಶಿಕಿ ಹಳ್ಳಿಯಲ್ಲಿ ಸತ್ಯಂ ಎಂದು ಹೆಸರಿಟ್ಟು ನಂಬರ್ ಹಾಕಿದ ಕಟ್ಟಡಗಳು. ಅವುಗಳಲ್ಲಿ ಏಳನೆಯದರಲ್ಲಿ ಸಾರಿನ್ ತಯಾರಿಕೆ ನಡೆಯುತ್ತಿತ್ತು. ದಾಳಿಯಾದ ಎರಡು ದಿನಕ್ಕೆ ಪೊಲೀಸರು ಅಲ್ಲಿಗೆ ನುಗ್ಗಿದಾಗ ವಿಷಗಾಳಿ ಇದೆಯೇ ಎಂದು ತಿಳಿಯಲು ಕೈಯಲ್ಲಿ ಪಂಜರದ ಕ್ಯಾನರಿ ಹಕ್ಕಿ ಹಿಡಿದುಕೊಂಡಿದ್ದರು. ಅಸಹಾರ ಸಿಕ್ಕಿದ್ದು ಮೇ 16ಕ್ಕೆ. 2018ರ ಜುಲೈನಲ್ಲಿ ಅವನನ್ನೂ ಸೇರಿಸಿ 13 ಜನರನ್ನು ಗಲ್ಲಿಗೇರಿಸಿದರು.

ಇಷ್ಟು ಗೊತ್ತಿದ್ದರೆ ಸಾಕು. ಈಗ ಯಾವುದನ್ನು ಹೇಗೆ ಆರಿಸಬೇಕು ಎಂಬುದಕ್ಕೆ ಬರೋಣ.

ನನ್ನ ಪ್ರಕಾರ ಮೊದಲು ಕೇಳಿಕೊಳ್ಳಬೇಕಾದ್ದು ಕ್ಯಾಮೆರಾ ಎಲ್ಲಿ ನಿಂತಿದೆ ಅನ್ನುವುದನ್ನು. ಪಂಥದ ಹೊರಗೆ ನಿಂತು ನೋಡುತ್ತಿದೆಯೇ, ಒಳಗೆ ಕೂತಿದೆಯೇ, ಬೀದಿಯ ನೆರೆಹೊರೆಯವರ ಜೊತೆ ಇದೆಯೇ, ಪೆಟ್ಟು ತಿಂದವನ ಪಕ್ಕದಲ್ಲಿದೆಯೇ? ದಾಳಿ ನಡೆದದ್ದು ಒಂದು ಬೆಳಗ್ಗೆ. ಅದರ ನಂತರದ ಕಥೆ ವರ್ಷಗಟ್ಟಲೆ ನಡೆಯಿತು, ಇನ್ನೂ ನಡೆಯುತ್ತಿದೆ. ಹಾಗಾಗಿ ದಾಳಿಯನ್ನು ಎಷ್ಟು ತೋರಿಸಿದ್ದಾರೆ ಎಂದು ನೋಡಿ ಸಿನಿಮಾ ಆರಿಸಬೇಡಿ. ಆ ಸಿನಿಮಾ ನಿಮ್ಮನ್ನು ಯಾರ ಜೊತೆ ಕೂರಿಸುತ್ತದೆ ಎಂದು ನೋಡಿ ಆರಿಸಿ.

ಎರಡನೆಯದು, ಶೂಟ್ ಮಾಡಿದ ಕಾಲ. ದಾಳಿಯಾದ ಮರುವರ್ಷ ಶುರುವಾದ ಚಿತ್ರೀಕರಣಕ್ಕೂ ಇಪ್ಪತ್ತು ವರ್ಷ ಬಿಟ್ಟು ಮಾಡಿದ್ದಕ್ಕೂ ಅಜಗಜಾಂತರ. ಮೂರನೆಯದು, ನಿಮಗೆ ಹಿನ್ನೆಲೆ ಎಷ್ಟು ಗೊತ್ತಿದೆ ಎಂಬುದು. ಇದರ ಜೊತೆಗೆ ಸಬ್‌ಟೈಟಲ್, ಖರ್ಚು, ಒಬ್ಬರೇ ನೋಡುತ್ತೀರೋ ನಾಲ್ಕು ಜನ ಸೇರಿ ನೋಡುತ್ತೀರೋ ಎಂಬ ಸಣ್ಣಪುಟ್ಟ ಲೆಕ್ಕಗಳೂ ಇವೆ. ಅವನ್ನು ಆಮೇಲೆ ನೋಡೋಣ.

2023ರ ಸಿನಿಮಾದಿಂದ ಶುರು ಮಾಡುತ್ತೇನೆ, ಯಾಕೆಂದರೆ ಇದರ ಬಗ್ಗೆ ಹೇಳುವುದು ಕಡಿಮೆ. ಏನೂ ಗೊತ್ತಿಲ್ಲದವರಿಗೆ ಇದೇ ಸರಿ. ಪತ್ರಕರ್ತರಿಬ್ಬರು ಬರೆದ ತನಿಖಾ ಪುಸ್ತಕವೊಂದನ್ನು ಹಿಡಿದು ಮಾಡಿದ್ದಾರೆ. ಯೋಗ ಕ್ಲಾಸಿನಿಂದ ರಾಸಾಯನಿಕ ಕಾರ್ಖಾನೆವರೆಗೆ ಕಥೆ ಒಂದರ ಹಿಂದೆ ಒಂದು ಬರುತ್ತದೆ. ಹಳೆಯ ಟಿವಿ ತುಣುಕುಗಳು ಬೇಕಾದಷ್ಟಿವೆ. 1990ರ ಚುನಾವಣೆಯಲ್ಲಿ ಪಂಥದ 25 ಜನ ನಿಂತು, ಗುರುವಿನ ಮುಖದ ದೊಡ್ಡ ದೊಡ್ಡ ಮುಖವಾಡ ಹಾಕಿಕೊಂಡು ಬೀದಿಯಲ್ಲಿ ಕುಣಿದು, ಒಬ್ಬರೂ ಗೆಲ್ಲದೆ ಹೋದ ಕಾಲ ಅದು. ಟಿವಿಯವರಿಗೆ ಈ ಪಂಥ ಆಗ ನಗೆಪಾಟಲಿನ ಸರಕು. ನಮ್ಮಲ್ಲೂ ಚಾನೆಲ್ ಸ್ಟುಡಿಯೊಗಳಲ್ಲಿ ಬಾಬಾಗಳನ್ನು ಕೂರಿಸಿ ಟಿಆರ್‌ಪಿ ಮಾಡಿಕೊಂಡದ್ದನ್ನು ನೋಡಿದವರಿಗೆ ಈ ಭಾಗ ಬಿಡಿಸಿ ಹೇಳಬೇಕಾಗಿಲ್ಲ.

ಹೆದರದೆ ಎದುರು ನಿಂತವರೂ ಇದರಲ್ಲಿದ್ದಾರೆ. ಹಿರೊಯುಕಿ ನಗಾವೊಕಾ ಎಂಬ ತಂದೆಯನ್ನು ಗಮನಿಸಿ. ಮಗ ಪಂಥ ಸೇರಿದ ಮೇಲೆ ಅಂಥದೇ ಸಂಕಟದಲ್ಲಿದ್ದ ಇತರ ಹೆತ್ತವರನ್ನು ಒಟ್ಟುಗೂಡಿಸಿ ಹೋರಾಡಿದವರು ಇವರು. 1995ರ ಜನವರಿಯಲ್ಲಿ ಪಂಥದವರು ಇವರ ಮೇಲೆ ವಿಎಕ್ಸ್ ಎಂಬ ವಿಷ ಹಾಕಿದರು. ಬದುಕಿ ಉಳಿದರು. ಪಂಥದ ಹಳೆಯ ವಕ್ತಾರ ಫುಮಿಹಿರೊ ಜೊಯು ಕೂಡ ಕ್ಯಾಮೆರಾ ಮುಂದೆ ಮಾತಾಡುತ್ತಾನೆ. ನುಣ್ಣಗೆ, ಒಂದು ತಡವರಿಕೆಯೂ ಇಲ್ಲದೆ. ಆಗಿನ ಕಾಲದಲ್ಲಿ ಅವನಿಗೆ ಹುಡುಗಿಯರ ಅಭಿಮಾನಿ ಬಳಗವೇ ಇತ್ತು ಅಂದರೆ ನಂಬಬೇಕು.

ಕೊರತೆ ಏನು? ಇದು ಓಡುವ ಸಿನಿಮಾ. ಹಿನ್ನೆಲೆ ಸಂಗೀತ, ಕಟಿಂಗ್ ಎಲ್ಲ ಕ್ರೈಮ್ ಕಥೆಯ ಧಾಟಿಯಲ್ಲಿವೆ. ದಾಳಿ ಹೇಗೆ ನಡೆಯಿತು ಎಂಬುದು ಚೆನ್ನಾಗಿ ತಿಳಿಯುತ್ತದೆ. ದಾಳಿಯಾದ ಮೇಲೆ ಊರು, ಬೀದಿ, ಮನೆ ಏನಾದವು ಎಂದು ತಿಳಿಯಬೇಕಾದವರಿಗೆ ಸಾಲುವುದಿಲ್ಲ.

ಅದಕ್ಕೆ 'ಎ' ಬೇಕು.

ತತ್ಸುಯಾ ಮೋರಿ ಆಗ ಟಿವಿಗೆ ಕಾರ್ಯಕ್ರಮ ಮಾಡಿಕೊಡುತ್ತಿದ್ದ ನಿರ್ದೇಶಕ. ಪಂಥದಲ್ಲಿ ಉಳಿದ ಸಾಮಾನ್ಯ ಸದಸ್ಯರ ಬಗ್ಗೆ ಮಾಡಲು ಹೊರಟರು. ಪಂಥವನ್ನು ಖಂಡಿಸುವ ಧಾಟಿಯಲ್ಲೇ ಇರಬೇಕು ಎಂಬ ಒತ್ತಾಯಕ್ಕೆ ಒಪ್ಪಲಿಲ್ಲ, ಟಿವಿಯ ಬೆಂಬಲ ಹೋಯಿತು. ಸಣ್ಣ ವಿಡಿಯೊ ಕ್ಯಾಮೆರಾ ಹಿಡಿದು ತಾವೇ ಮುಂದುವರಿಸಿದರು. ಜೊಯು ಜೈಲಿಗೆ ಹೋದ ಮೇಲೆ ವಕ್ತಾರನ ಕುರ್ಚಿಗೆ ಬಂದ ಹಿರೊಷಿ ಅರಾಕಿ ಎಂಬ 28ರ ಹುಡುಗನೇ ಈ ಸಿನಿಮಾದ ಕೇಂದ್ರ. ಕನ್ನಡಕ, ಮೆಲುದನಿ, ಫೋನ್ ಎತ್ತಿದರೆ ಪತ್ರಕರ್ತರು, ಬಾಗಿಲು ತೆರೆದರೂ ಪತ್ರಕರ್ತರು. ಗುರು ಜೈಲಿನಲ್ಲಿ. ಆಸ್ತಿ ಕೈಬಿಟ್ಟು ಹೋಗುತ್ತಿದೆ. ಪಂಥವನ್ನೇ ನಿಷೇಧಿಸಬೇಕೇ ಎಂದು ಸರ್ಕಾರ ಯೋಚಿಸುತ್ತಿದೆ. ಇಂಥ ಹೊತ್ತಲ್ಲಿ ಇವನು ಬಿಟ್ಟು ಹೋಗದೆ ಯಾಕೆ ಕೂತಿದ್ದಾನೆ? ಸಿನಿಮಾ ಉತ್ತರ ಕೊಡುವುದಿಲ್ಲ. ಸುಮ್ನೆ ಅವನ ಹಿಂದೆ ಹೋಗುತ್ತದೆ.

ಒಂದು ದೃಶ್ಯ ಇಡೀ ಸಿನಿಮಾವನ್ನು ಹಿಡಿದು ನಿಲ್ಲಿಸುತ್ತದೆ. ಹಗಲು ಹೊತ್ತು, ಬೀದಿ. ಮಫ್ತಿಯಲ್ಲಿರುವ ಪೊಲೀಸರು ಪಂಥದ ಒಬ್ಬ ಸದಸ್ಯನನ್ನು ತಡೆದು ಹೆಸರು ಕೇಳುತ್ತಾರೆ. ಅವನು ಹೇಳದೆ ಹೋಗಲು ನೋಡುತ್ತಾನೆ. ಒಬ್ಬ ಪೊಲೀಸ್ ಅವನನ್ನು ಹಿಡಿದು ಕೆಡವಿ ತಾನೂ ಮೇಲೆ ಬೀಳುತ್ತಾನೆ. ಕೆಳಗೆ ಬಿದ್ದವನ ತಲೆ ರಸ್ತೆಗೆ ಬಡಿಯುತ್ತದೆ. ಆದರೆ ನರಳುವುದು ಪೊಲೀಸ್, ತನ್ನ ಕಾಲು ಹಿಡಿದುಕೊಂಡು. ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದ ಎಂದು ಬಿದ್ದವನನ್ನೇ ಎಳೆದುಕೊಂಡು ಹೋಗುತ್ತಾರೆ. ಮೋರಿ ಕ್ಯಾಮೆರಾ ಆಫ್ ಮಾಡಿಲ್ಲ. ಸುತ್ತ ಜನ ನಿಂತಿದ್ದಾರೆ, ಯಾರೂ ತುಟಿ ಬಿಚ್ಚುವುದಿಲ್ಲ. ಆಮೇಲೆ ವಕೀಲರು ಆ ಟೇಪ್ ಕೇಳುತ್ತಾರೆ. ಯಾರ ಪರವೂ ನಿಲ್ಲದೆ ಸಿನಿಮಾ ಮಾಡಲು ಬಂದವರು ಟೇಪ್ ಕೊಡಬೇಕೋ ಬೇಡವೋ? ಮೋರಿ ಹಿಂದೆಮುಂದೆ ನೋಡಿ ಕೊನೆಗೆ ಕೊಡುತ್ತಾರೆ. ಆ ಸದಸ್ಯ ಬಿಡುಗಡೆಯಾಗುತ್ತಾನೆ.

ಇದನ್ನು ನೋಡಿ ನಿಮಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಅಷ್ಟು ಜನರನ್ನು ಕೊಂದ ಪಂಥದವರ ಮೇಲೆ ಇಷ್ಟು ಕರುಣೆ ಯಾಕೆ ಎಂದು ಮೋರಿಯವರ ಮೇಲೇ ಸಿಟ್ಟಾದವರು ಜಪಾನಿನಲ್ಲೂ ಇದ್ದರು. ಆ ದೂರಿನಲ್ಲಿ ಹುರುಳಿಲ್ಲ ಅನ್ನಲಾರೆ. 'ಎ' ಸಿನಿಮಾದಲ್ಲಿ ಸತ್ತವರ ಮನೆಯವರಿಗೆ ಜಾಗವೇ ಇಲ್ಲ ಅನ್ನುವಷ್ಟು ಕಡಿಮೆ. ಮೊದಲ ಸಿನಿಮಾ ಆಗಿ ಇದನ್ನೇ ನೋಡಿದರೆ ಏನು ನಡೆದಿತ್ತು ಎಂಬುದರ ತೂಕ ತಿಳಿಯದೆ ಬರೀ ಅರಾಕಿಯ ಮೇಲೆ ಕನಿಕರ ಹುಟ್ಟುತ್ತದೆ. ನಾಲ್ಕರಲ್ಲಿ ನನ್ನ ಓಟು ಇದಕ್ಕೇ. ಆದರೂ ಹಿನ್ನೆಲೆ ಏನೂ ಗೊತ್ತಿಲ್ಲದವರಿಗೆ ಇದನ್ನೇ ಮೊದಲು ನೋಡಿ ಎಂದು ಹೇಳುವುದಿಲ್ಲ.

'ಎ2' ಅದರ ಮುಂದಿನ ಭಾಗ. ಇಲ್ಲಿ ಕ್ಯಾಮೆರಾ ಪಂಥದ ಗೇಟಿನಿಂದ ಬೀದಿಗೆ ಬರುತ್ತದೆ. ಪಂಥದವರು ಎಲ್ಲೇ ಬಾಡಿಗೆಗೆ ಹೋದರೂ ಊರವರು ಓಡಿಸಲು ನಿಲ್ಲುತ್ತಿದ್ದ ಕಾಲ. ಹಲವು ಊರುಗಳು ಅವರನ್ನು ನಿವಾಸಿಗಳೆಂದು ನೋಂದಾಯಿಸಿಕೊಳ್ಳಲೂ ಒಪ್ಪಲಿಲ್ಲ. ಅಸಹಾರನ ಮಕ್ಕಳಿಗೆ ಶಾಲೆ ಸಿಗಲಿಲ್ಲ. 1999ರಲ್ಲಿ ಇಂಥ ಗುಂಪುಗಳ ಮೇಲೆ ಕಣ್ಣಿಡಲು ಹೊಸ ಕಾನೂನೇ ಬಂತು. ಬ್ಯಾನರ್, ಘೋಷಣೆ, ಮೆರವಣಿಗೆ. ಬಲಪಂಥೀಯ ಗುಂಪುಗಳೂ ಬೀದಿಗಿಳಿದವು.

ಆದರೆ ಒಂದು ಕಡೆ ವಿಚಿತ್ರ ನಡೆಯುತ್ತದೆ. ಪಂಥದವರ ಮನೆಯ ಎದುರು ಕಾವಲು ಕಾಯಲು ಊರವರು ಶೆಡ್ ಹಾಕಿಕೊಂಡಿದ್ದಾರೆ. ದಿನಾ ಮುಖ ನೋಡಿ ನೋಡಿ ಮಾತು ಶುರುವಾಗುತ್ತದೆ. ಮಾತು ಹರಟೆಯಾಗುತ್ತದೆ. ಓಡಿಸಲು ಬಂದವರೇ ಕೊನೆಗೆ ಇವರನ್ನು ಬೀಳ್ಕೊಡುವಾಗ ಬೇಜಾರು ಮಾಡಿಕೊಳ್ಳುತ್ತಾರೆ. ಸುದ್ದಿಯಲ್ಲಿ ಬರುತ್ತಿದ್ದ ಊರವರ ಸಿಟ್ಟಿನ ಚಿತ್ರ ನೋಡಿದವರಿಗೆ ಇದನ್ನು ನಂಬುವುದೇ ಕಷ್ಟ. ಪಂಥದವರ ನಂಬಿಕೆಯನ್ನು ಆ ಊರವರು ಒಪ್ಪಿಕೊಂಡರು ಅಂತಲ್ಲ. ಸಿನಿಮಾ ಹಾಗೆ ಹೇಳುವುದೂ ಇಲ್ಲ.

ಯೊಷಿಯುಕಿ ಕೊನೊ ಅವರನ್ನು ಪಂಥದವರು ಭೇಟಿಯಾಗುವ ಭಾಗಕ್ಕಾದರೂ 'ಎ2' ನೋಡಬೇಕು. ಟೋಕಿಯೊಗಿಂತ ಮೊದಲು, 1994ರ ಜೂನ್‌ನಲ್ಲಿ, ಇದೇ ಪಂಥ ಮತ್ಸುಮೊಟೊ ಊರಲ್ಲಿ ಸಾರಿನ್ ಬಿಟ್ಟಿತ್ತು. ಆ ರಾತ್ರಿ ಸಹಾಯಕ್ಕೆ ಫೋನ್ ಮಾಡಿದ ಕೊನೊ ಅವರನ್ನೇ ಪೊಲೀಸರು ಅನುಮಾನಿಸಿದರು, ಪತ್ರಿಕೆಗಳು ಅಪರಾಧಿ ಅನ್ನುವ ಹಾಗೆ ಬರೆದವು. ಅವರ ಹೆಂಡತಿ ವಿಷಗಾಳಿಯಿಂದ ಕೋಮಾಕ್ಕೆ ಹೋಗಿ 2008ರಲ್ಲಿ ತೀರಿಕೊಂಡರು. ಟೋಕಿಯೊ ದಾಳಿಯಾದ ಮೇಲಷ್ಟೇ ಕೊನೊ ಮೇಲಿನ ಕಳಂಕ ಹೋದದ್ದು. ಅಂಥವರ ಮನೆಗೆ ಪಂಥದವರು ಬಂದು ಕೂತಿದ್ದಾರೆ. ಕ್ಷಮೆ ಕೇಳುವುದು ಹೇಗೆ ಎಂದೇ ಅವರಿಗೆ ಗೊತ್ತಿಲ್ಲ. ಪೆಟ್ಟು ತಿಂದ ಮನುಷ್ಯನೇ ತಾಳ್ಮೆಯಿಂದ ಅವರ ಮಾತಿಗೆ ದಾರಿ ಮಾಡಿಕೊಡಬೇಕಾಗುತ್ತದೆ.

'ಎ2' ಸಿನಿಮಾವನ್ನು 'ಎ' ನೋಡದೆಯೂ ನೋಡಬಹುದು. ಸ್ವಲ್ಪ ಚದುರಿದ ಹಾಗಿದೆ, ಊರಿಂದ ಊರಿಗೆ ಹಾರುತ್ತದೆ. ಆದರೆ ಬಾಡಿಗೆ ಮನೆ, ನೆರೆಹೊರೆ, ಬಹಿಷ್ಕಾರ ಇವುಗಳ ಬಗ್ಗೆ ಮಾತಾಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಈಗ ನಾಲ್ಕನೆಯದು. 'ಮಿ ಆ್ಯಂಡ್ ದ ಕಲ್ಟ್ ಲೀಡರ್' ಮಾಡಿದ ಅತ್ಸುಷಿ ಸಕಹಾರ ಆ ಬೆಳಗ್ಗೆ ಹಿಬಿಯಾ ಲೈನಿನ ರೈಲಿನಲ್ಲಿದ್ದವರು. ಆಗ ಜಾಹೀರಾತು ಕಂಪನಿಯಲ್ಲಿ ಕೆಲಸ. ವಿಷಗಾಳಿಯ ಪರಿಣಾಮ ಅವರ ಮೈಯಲ್ಲಿ ಇಂದಿಗೂ ಉಳಿದಿದೆ. ಇಪ್ಪತ್ತು ವರ್ಷ ಆದ ಮೇಲೆ ಅವರು ಕ್ಯಾಮೆರಾ ಇಟ್ಟುಕೊಂಡು ಒಬ್ಬನ ಜೊತೆ ರೈಲು ಹತ್ತುತ್ತಾರೆ. ಯಾರ ಜೊತೆ? 'ಎ' ಸಿನಿಮಾದ ಅದೇ ಹಿರೊಷಿ ಅರಾಕಿ. ಪಂಥ 2000ದಲ್ಲಿ ಆಲೆಫ್ ಎಂದು ಹೆಸರು ಬದಲಿಸಿಕೊಂಡಿದೆ. ಅರಾಕಿ ಇನ್ನೂ ಅಲ್ಲೇ ಇದ್ದಾನೆ.

ಇಬ್ಬರೂ ಹೆಚ್ಚುಕಮ್ಮಿ ಒಂದೇ ವಯಸ್ಸಿನವರು, ಇಬ್ಬರೂ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಓದಿದವರು. ಬೆಳೆದ ಊರುಗಳನ್ನು ನೋಡಿಕೊಂಡು ಬರಲು ಹೊರಡುತ್ತಾರೆ. ಹೊಳೆ ದಂಡೆಯಲ್ಲಿ ನಿಂತು ನೀರಿನ ಮೇಲೆ ಕಲ್ಲು ಹಾರಿಸುತ್ತಾರೆ, ಚಿಕ್ಕ ಹುಡುಗರ ಹಾಗೆ. ಅಜ್ಜಿಯ ನೆನಪಾಗಿ ಅರಾಕಿ ಅಳುತ್ತಾನೆ. ಹಾಗಾದರೆ ಈ ಮನುಷ್ಯ ಕರಗಿದ ಎಂದುಕೊಳ್ಳುತ್ತೀರಿ. ಮರುಕ್ಷಣ ಸಕಹಾರ ನೇರವಾಗಿ ಕೇಳುತ್ತಾರೆ: ನಿಮ್ಮವರು ಮಾಡಿದ್ದಕ್ಕೆ ಏನು ಹೇಳುತ್ತೀಯ? ಅರಾಕಿ ನಿಧಾನವಾಗಿ ಮಾತು ಹುಡುಕುತ್ತಾನೆ, ಸುತ್ತಿ ಬಳಸಿ ಎಲ್ಲೋ ಹೋಗುತ್ತಾನೆ, ಕೊನೆಗೆ ಬಾಯಿ ಮುಚ್ಚುತ್ತಾನೆ. ಇದು ಮತ್ತೆ ಮತ್ತೆ ನಡೆಯುತ್ತದೆ. ಸಕಹಾರ ಬಿಡುವುದಿಲ್ಲ. ತಮಾಷೆ ಮಾಡುತ್ತಾರೆ, ಊಟ ಕೊಡಿಸುತ್ತಾರೆ, ಮತ್ತೆ ಅದೇ ಪ್ರಶ್ನೆಗೆ ಬರುತ್ತಾರೆ. ತಮ್ಮ ವಯಸ್ಸಾದ ಅಪ್ಪ ಅಮ್ಮನ ಎದುರಿಗೂ ಅವನನ್ನು ಕೂರಿಸುತ್ತಾರೆ.

ನೋಡಲು ಕಷ್ಟ ಇದೇ ಕಾರಣಕ್ಕೆ. ರಕ್ತ ಇಲ್ಲ, ಹೆಣ ಇಲ್ಲ. ಇಬ್ಬರು ಗಂಡಸರ ನಡುವಿನ ಮೌನ ಇದೆ, ಅದು ಬಹಳ ಉದ್ದ. ಕೆಲವು ಕಡೆ ಸಕಹಾರ ಜಾಸ್ತಿಯೇ ಒತ್ತುತ್ತಿದ್ದಾರೆ ಅನಿಸುತ್ತದೆ. ಆಮೇಲೆ, ಇವರು ಒತ್ತದೆ ಇನ್ಯಾರು ಒತ್ತಬೇಕು ಅಂತಲೂ ಅನಿಸುತ್ತದೆ. 'ಎ' ಸಿನಿಮಾದಲ್ಲಿ ಇಲ್ಲದ ದನಿ ಇಲ್ಲಿದೆ. ಆದರೆ ಪಂಥ ಹೇಗೆ ಬೆಳೆಯಿತು, ಪೊಲೀಸರು ಎಲ್ಲಿ ಎಡವಿದರು ಎಂಬುದೆಲ್ಲ ಇಲ್ಲಿ ಸಿಗುವುದಿಲ್ಲ. ಗಲ್ಲಿನ ವಿಷಯವನ್ನೂ ಹುಡುಕಬೇಡಿ, ಇವರ ಪ್ರಯಾಣ ನಡೆದದ್ದು 2015ರಲ್ಲಿ.

ಹಾಗಾದರೆ ಯಾರಿಗೆ ಯಾವುದು?

ಒಂದೇ ಸಂಜೆ ಇದೆ, ಹಿನ್ನೆಲೆ ಇಷ್ಟೇ ಗೊತ್ತು ಅನ್ನುವವರು ಸಕಹಾರ ಅವರ ಸಿನಿಮಾ ನೋಡಿ. ಮೇಲೆ ಬರೆದ ನಾಲ್ಕು ಸಾಲು ನೆನಪಿದ್ದರೆ ಅದಕ್ಕೆ ಬೇರೆ ತಯಾರಿ ಬೇಡ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳ ಜೊತೆ ನೋಡುವುದಾದರೆ 2023ರದ್ದು ಒಳ್ಳೆಯದು. ವೇಗ ಇದೆ, ಅರ್ಧ ಇಂಗ್ಲಿಷಿನಲ್ಲಿದೆ. ಓದಿದ ಹುಡುಗರು, ಎಂಜಿನಿಯರುಗಳು, ಡಾಕ್ಟರುಗಳು ಇಂಥ ಗುರುವಿನ ಹಿಂದೆ ಯಾಕೆ ಹೋದರು ಎಂಬ ಮಾತು ತಾನಾಗಿಯೇ ಬರುತ್ತದೆ. ದಾಳಿಯ ದಿನದ ಸುದ್ದಿ ತುಣುಕುಗಳಲ್ಲಿ ಫುಟ್‌ಪಾತ್ ಮೇಲೆ ಮಲಗಿಸಿದ ಪ್ರಯಾಣಿಕರು ಕಾಣುತ್ತಾರೆ, ಹಾಗಾಗಿ ತೀರಾ ಚಿಕ್ಕವರಿಗೆ ಬೇಡ.

ಎರಡು ಸಿನಿಮಾಕ್ಕೆ ಸಮಯ ಇದ್ದರೆ 'ಎ' ಮತ್ತು ಸಕಹಾರ ಅವರದ್ದನ್ನು ಇದೇ ಕ್ರಮದಲ್ಲಿ ನೋಡಿ. 28ರ ಅರಾಕಿಯನ್ನು ನೋಡಿ, ಆಮೇಲೆ 46-47ರ ಅರಾಕಿಯನ್ನು ನೋಡುವುದು ಬೇರೆಯದೇ ಅನುಭವ. ಮೊದಲನೆಯದರಲ್ಲಿ ಹುಟ್ಟಿದ ಕನಿಕರವನ್ನು ಎರಡನೆಯದು ಒಂದೊಂದೇ ಪ್ರಶ್ನೆ ಹಾಕಿ ಪರೀಕ್ಷಿಸುತ್ತದೆ. ಪತ್ರಿಕೋದ್ಯಮ ಓದುತ್ತಿರುವವರು, ವಕೀಲಿಕೆ ಮಾಡುವವರು 'ಎ' ಬಿಡಬಾರದು. ಬೀದಿಯಲ್ಲಿ ಬಿದ್ದವನ ಆ ದೃಶ್ಯ ಒಂದೇ ಸಾಕು, ಒಂದಿಡೀ ಕ್ಲಾಸ್ ಮಾಡಬಹುದು.

ಡಾಕ್ಯುಮೆಂಟರಿಯೇ ಆಗಿಬರಲ್ಲ ಅನ್ನುವವರೂ ಇರುತ್ತೀರಿ. ಹಿರೊಕಜು ಕೊರೆಎಡಾ ಅವರ 'ಡಿಸ್ಟನ್ಸ್' (2001) ನೋಡಿ. ಇಂಥದೇ ಒಂದು ಪಂಥ ನಡೆಸಿದ ದಾಳಿ, ಅದನ್ನು ಮಾಡಿದವರ ಮನೆಯವರ ಕಥೆ. ಕಾಲ್ಪನಿಕವೇ, ಆದರೆ ಎಲ್ಲಿಂದ ಹುಟ್ಟಿದ್ದು ಎಂದು ಗೊತ್ತಾಗುತ್ತದೆ.

ಸಬ್‌ಟೈಟಲ್ ಬಗ್ಗೆ ಒಂದು ಮಾತು. ಮೋರಿಯವರ ಎರಡರಲ್ಲೂ ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ, ಇಂಗ್ಲಿಷ್ ಸಾಲುಗಳು ಬೇಗ ಬೇಗ ಓಡುತ್ತವೆ. ಮೊಬೈಲಿನಲ್ಲಿ ನೋಡಿದರೆ ಕಣ್ಣು ಸೋಲುತ್ತದೆ. ಸಕಹಾರ ಅವರದ್ದು ನಿಧಾನ, ಇಂಗ್ಲಿಷ್ ಓದುವುದು ಅಷ್ಟು ರೂಢಿ ಇಲ್ಲದ ಹಿರಿಯರೂ ಜೊತೆಗೆ ಕೂರಬಹುದು. ಯಾವುದು ಯಾವ ಆ್ಯಪ್‌ನಲ್ಲಿದೆ ಎಂಬುದು ಆಗಾಗ ಬದಲಾಗುತ್ತಲೇ ಇರುತ್ತದೆ. ಒಂದು ಸಿನಿಮಾಕ್ಕೋಸ್ಕರ ವರ್ಷದ ಚಂದಾ ಕಟ್ಟಬೇಡಿ, ಬಾಡಿಗೆಗೆ ಸಿಕ್ಕರೆ ಅದೇ ಅಗ್ಗ. 'ಎ' ಅಂತ ಒಂದೇ ಅಕ್ಷರ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ಮೋರಿಯವರ ಹೆಸರು ಸೇರಿಸಿ ಹುಡುಕಿ.

ಫಿಲಂ ಸೊಸೈಟಿಯವರಿಗೆ, ಕಾಲೇಜಿನವರಿಗೆ: ಬಾಡಿಗೆಗೆ ತಂದದ್ದನ್ನು ಹಾಲ್‌ನಲ್ಲಿ ಹಾಕುವ ಹಾಗಿಲ್ಲ. ಹಂಚಿಕೆದಾರರಿಗೆ ಮೊದಲೇ ಬರೆದು ಪ್ರದರ್ಶನದ ಅನುಮತಿ ಕೇಳಿ, ಅದಕ್ಕೆ ಬೇರೆ ಶುಲ್ಕ ಇರುತ್ತದೆ. ಚರ್ಚೆಗೆ 'ಎ2' ಹಾಕಿ. ಅದು ಎರಡು ಗಂಟೆಗೂ ಜಾಸ್ತಿ ಓಡುತ್ತದೆ, ಹಾಗಾಗಿ ಸಂಜೆ ಐದಕ್ಕೇ ಶುರು ಮಾಡಿ. ಏಳಕ್ಕೆ ಶುರು ಮಾಡಿದರೆ ಚರ್ಚೆ ಹೊತ್ತಿಗೆ ಎಲ್ಲರೂ ಬಸ್ಸಿನ ಟೈಮ್ ನೋಡುತ್ತಿರುತ್ತಾರೆ.